ಪರದೆ ದೊಡ್ಡದು, ಅಕ್ಷರ ಚಿಕ್ಕದು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಕೇಳುವಾಗ ಬರೆದುಕೊಳ್ಳಲು ಆಗದವರ ಅನುಕೂಲಕ್ಕಾಗಿ ಪೂರ್ತಿಯಾಗಿ ಕೊಟ್ಟಿದೆ.)



ಇವತ್ತಿನ ಮಾತು ಕಂಪ್ಯೂಟರಿಗೆ ಸಂಬಂಧಪಟ್ಟದ್ದು. ಕಂಪ್ಯೂಟರ್ ಅಂದ ಕೂಡಲೇ ರೇಡಿಯೋ ಸದ್ದು ಕಡಿಮೆ ಮಾಡಬೇಡಿ. ಇದು ಎಂಜಿನಿಯರುಗಳ ವಿಷಯವಲ್ಲ, ಓದುವವರ ವಿಷಯ. ಹತ್ತಿರದಲ್ಲಿ ಒಂದು ಕಾಗದ, ಪೆನ್ನು ಇಟ್ಟುಕೊಳ್ಳಿ. ಒಂದೆರಡು ಕಡೆ ಬರೆದುಕೊಳ್ಳಬೇಕಾಗುತ್ತದೆ.

ದೆಹಲಿಯ ಕನ್ನಡದ ಮನೆಗಳಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಒಂದು ದೂರು ಇದೆ. ಹಳೆಯ ಮಾನಿಟರ್ ಹೋಗಿ ಹೊಸದು ಬಂತು. ಮಗನೋ ಸೊಸೆಯೋ ಪ್ರೀತಿಯಿಂದ ತಂದುಕೊಟ್ಟರು. ಇಪ್ಪತ್ತೇಳು ಇಂಚು, ‘ಫೋರ್ ಕೆ’ ಅಂತೆ. ಸಿನಿಮಾ ಹಾಕಿದರೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಆದರೆ ಬೆಳಗ್ಗೆ ಕನ್ನಡ ಪತ್ರಿಕೆ ತೆರೆದರೆ ಅಕ್ಷರಗಳೆಲ್ಲ ಸಾಸಿವೆ ಕಾಳು! ಪರದೆ ಎರಡು ಪಟ್ಟು ದೊಡ್ಡದಾಯಿತು, ಅಕ್ಷರ ಮಾತ್ರ ಅರ್ಧಕ್ಕೆ ಇಳಿಯಿತು. ಇದು ಯಾವ ನ್ಯಾಯ ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಊರಿನಲ್ಲಿದ್ದರೆ ಇದೊಂದು ಸಣ್ಣ ತೊಂದರೆ. ಬೆಳಗ್ಗೆ ಬಾಗಿಲಿಗೆ ಕಾಗದದ ಪತ್ರಿಕೆ ಬಂದು ಬೀಳುತ್ತದೆ, ಮೂಲೆಯ ಅಂಗಡಿಯಲ್ಲಿ ವಾರಪತ್ರಿಕೆ ತೂಗುತ್ತಿರುತ್ತದೆ. ಆರ್.ಕೆ. ಪುರಂನಲ್ಲೋ ಮಯೂರ್ ವಿಹಾರ್‌ನಲ್ಲೋ ದ್ವಾರಕಾದಲ್ಲೋ ಇರುವ ನಮಗೆ ಆ ಭಾಗ್ಯ ಎಲ್ಲಿ? ನಮ್ಮ ದಿನನಿತ್ಯದ ಕನ್ನಡದ ಓದು ಬಹುಪಾಲು ಪರದೆಯ ಮೇಲೆಯೇ ನಡೆಯಬೇಕು. ಪತ್ರಿಕೆ, ಕಥೆ, ಊರಿನ ಪಹಣಿ, ಮದುವೆಯ ಲಗ್ನಪತ್ರಿಕೆ ಎಲ್ಲವೂ ಅಲ್ಲೇ. ಅಕ್ಷರ ಕಾಣದೆ ಹೋದಾಗ ಎಷ್ಟೋ ಜನ ಏನು ಮಾಡುತ್ತಾರೆ ಗೊತ್ತೇ? ಸುಮ್ಮನೆ ಇಂಗ್ಲಿಷ್ ಪತ್ರಿಕೆ ತೆರೆಯುತ್ತಾರೆ. ಅಲ್ಲಿ ಹೇಗೋ ಓದಬಹುದು. ಹೀಗೆ, ಯಾರ ಮೇಲೂ ಕೋಪವಿಲ್ಲದೆ, ಯಾವ ನಿರ್ಧಾರವೂ ಇಲ್ಲದೆ, ಕನ್ನಡದ ಓದು ಬಿಟ್ಟುಹೋಗುತ್ತದೆ. ಆದ್ದರಿಂದ ಇದನ್ನು ಸಣ್ಣ ವಿಷಯ ಎಂದು ಬಿಡಲು ನನಗೆ ಮನಸ್ಸಿಲ್ಲ.

ಮೊದಲು, ಹೀಗೆ ಆಗುವುದೇಕೆ ಎಂದು ನೋಡೋಣ.

ಮನೆಯ ಮುಂದೆ ಚುಕ್ಕಿ ರಂಗೋಲಿ ಹಾಕುವುದನ್ನು ನೆನೆಸಿಕೊಳ್ಳಿ. ಹದಿನೈದು ಚುಕ್ಕಿಯ ರಂಗೋಲಿ ಎಂದರೆ ಅದಕ್ಕೆ ಹದಿನೈದೇ ಚುಕ್ಕಿ. ಚುಕ್ಕಿಗಳನ್ನು ಅಗಲವಾಗಿ ಇಟ್ಟರೆ ಅಂಗಳ ತುಂಬುತ್ತದೆ. ಒತ್ತೊತ್ತಾಗಿ ಇಟ್ಟರೆ ಅದೇ ರಂಗೋಲಿ ಹೊಸ್ತಿಲ ಪಕ್ಕದಲ್ಲಿ ಮುದುಡಿ ಕೂರುತ್ತದೆ. ಚುಕ್ಕಿಯ ಲೆಕ್ಕ ಬದಲಾಗಲಿಲ್ಲ, ಚುಕ್ಕಿಗಳ ನಡುವಿನ ಅಂತರ ಬದಲಾಯಿತು.

ಕಂಪ್ಯೂಟರ್ ಪರದೆಯೂ ಚುಕ್ಕಿಗಳಿಂದಲೇ ಆದದ್ದು. ಆ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ‘ಫುಲ್ ಎಚ್‌ಡಿ’ ಎನ್ನುವ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು ಸುಮಾರು 20 ಲಕ್ಷ. ‘ಫೋರ್ ಕೆ’ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160. ಒಟ್ಟು ಸುಮಾರು 83 ಲಕ್ಷ. ನಾಲ್ಕು ಪಟ್ಟು. ಆದರೆ ಗಾಜಿನ ಅಳತೆ ನಾಲ್ಕು ಪಟ್ಟು ಬೆಳೆದಿಲ್ಲವಲ್ಲ! 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ ಇದ್ದರೆ, 27 ಇಂಚಿನ ಫೋರ್ ಕೆ ಮಾನಿಟರಿನಲ್ಲಿ ಇಂಚಿಗೆ 163. ಅಕ್ಷರವನ್ನು 12 ಚುಕ್ಕಿ ಎತ್ತರಕ್ಕೆ ಬರೆಯಬೇಕೆಂದು ಕಂಪ್ಯೂಟರಿಗೆ ಹೇಳಿದ್ದರೆ, ಮೊದಲನೆಯದರಲ್ಲಿ ಅದು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರ ನಿಲ್ಲುತ್ತದೆ. ಎರಡನೆಯದರಲ್ಲಿ ಎರಡು ಮಿಲಿಮೀಟರೂ ಇಲ್ಲ. ಚುಕ್ಕಿ ಹನ್ನೆರಡೇ, ರಂಗೋಲಿ ಮಾತ್ರ ಮುದುಡಿತು.

ಬಹುಕಾಲ ವಿಂಡೋಸ್ ಕಂಪ್ಯೂಟರುಗಳು ಇಂಚಿಗೆ 96 ಚುಕ್ಕಿ ಎಂಬ ಒಂದೇ ಲೆಕ್ಕ ಹಿಡಿದು ನಡೆದವು. ಆಗಿನ ಪರದೆಗಳಿಗೆ ಅದು ಸರಿಯಾಗಿಯೇ ಇತ್ತು. 2010ರಲ್ಲಿ ಆಪಲ್ ಕಂಪನಿಯ ಐಫೋನ್ 4 ಇಂಚಿಗೆ 326 ಚುಕ್ಕಿಯ ಪರದೆಯೊಂದಿಗೆ ಬಂತು. 2012ರಲ್ಲಿ ಅದೇ ಕಂಪನಿಯ ಮ್ಯಾಕ್‌ಬುಕ್ ಪ್ರೋ ಇಂಚಿಗೆ 220 ಚುಕ್ಕಿಯ ಪರದೆ ಹೊತ್ತು ಬಂತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಪರದೆ ಓಡಿತು, ಹಳೆಯ ಲೆಕ್ಕ ಹಿಂದೆ ಉಳಿಯಿತು. ನಮ್ಮ ಕಣ್ಣಿಗೆ ಬಿದ್ದ ಹೊರೆ ಈ ಅಂತರದ್ದು.

ಇನ್ನು ಪರಿಹಾರ. ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಮಾಡುವುದು ಅದನ್ನೇ. ಅಕ್ಷರ ಚಿಕ್ಕದಾಯಿತೆಂದು ಪರದೆಯ ರೆಸಲ್ಯೂಷನ್ ಇಳಿಸುತ್ತಾರೆ. 1920 ಇದ್ದದ್ದನ್ನು 1366ಕ್ಕೆ ತರುತ್ತಾರೆ. ಅಕ್ಷರ ದೊಡ್ಡದೇನೋ ಆಗುತ್ತದೆ, ಜೊತೆಗೆ ಮಂಜು ಕವಿಯುತ್ತದೆ. 2000ದ ಸುಮಾರಿನಲ್ಲಿ ನಮ್ಮ ಮೇಜಿನ ಮೇಲಿದ್ದ ದಪ್ಪ ಹೊಟ್ಟೆಯ ಮಾನಿಟರುಗಳಲ್ಲಿ ಹೀಗೆ ಮಾಡಿದರೆ ನಡೆಯುತ್ತಿತ್ತು. 1024ರಿಂದ 800ಕ್ಕೆ ಇಳಿಸಿ ಹಾಯಾಗಿ ಓದುತ್ತಿದ್ದರು. ಈಗಿನ ಚಪ್ಪಟೆ ಪರದೆಯಲ್ಲಿ ಚುಕ್ಕಿಗಳು ಗಾಜಿನೊಳಗೆ ಕಟ್ಟಿಟ್ಟವು. ಅವನ್ನು ಸರಿಸಲಾಗದು, ದಪ್ಪ ಮಾಡಲಾಗದು. 1366 ಚುಕ್ಕಿಯ ಚಿತ್ರವನ್ನು 1920 ಚುಕ್ಕಿಯ ಮೇಲೆ ಹರಡಬೇಕಾದರೆ ಒಂದೊಂದು ಚುಕ್ಕಿಗೂ ಹತ್ತಿರ ಹತ್ತಿರ ಒಂದೂವರೆ ಚುಕ್ಕಿಯ ಪಾಲು ಬರುತ್ತದೆ. ಅರ್ಧ ಚುಕ್ಕಿ ಇಡುವುದು ಹೇಗೆ? ಅಕ್ಕಪಕ್ಕಕ್ಕೆ ಬಣ್ಣ ಕಲಸಿ ಹೊಂದಿಸುತ್ತದೆ. ಆ ಕಲಸುವಿಕೆಯಲ್ಲಿ ಮೊದಲು ಅಳಿಯುವುದು ಅಕ್ಷರದ ಸಣ್ಣ ಗೆರೆಗಳು. ಆದ್ದರಿಂದ ರೆಸಲ್ಯೂಷನ್ ಎಂಬಲ್ಲಿ ‘ರೆಕಮೆಂಡೆಡ್’ ಎಂದು ಬರೆದಿರುವುದನ್ನು ಹಾಗೆಯೇ ಬಿಡಿ.

ಬದಲಾಯಿಸಬೇಕಾದದ್ದು ಅದರ ಹತ್ತಿರವೇ ಇರುವ ‘ಸ್ಕೇಲ್’. ಚುಕ್ಕಿ ಎಷ್ಟಿವೆಯೋ ಅಷ್ಟೇ ಇರಲಿ, ಅಕ್ಷರಕ್ಕೆ ಹೆಚ್ಚು ಚುಕ್ಕಿ ಕೊಡು ಎಂದು ಹೇಳುವ ಜಾಗ ಅದು. ಹೆಚ್ಚು ಚುಕ್ಕಿ ಸಿಕ್ಕರೆ ಅಕ್ಷರ ದೊಡ್ಡದಾಗುತ್ತದೆ, ಇನ್ನೂ ನುಣುಪಾಗುತ್ತದೆ. ದುಡ್ಡು ಕೊಟ್ಟು ಒಳ್ಳೆಯ ಪರದೆ ತಂದದ್ದರ ಲಾಭ ಸಿಗುವುದು ಇಲ್ಲಿ.

ಈಗ ಬರೆದುಕೊಳ್ಳಿ. ವಿಂಡೋಸ್ 11 ಇದ್ದರೆ, ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ. ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ಆರಿಸಿ. ಅಲ್ಲಿ ‘ಸ್ಕೇಲ್’ ಎಂಬ ಸಾಲಿನಲ್ಲಿ ಶೇಕಡಾ 100, 125, 150, 175 ಹೀಗೆ ಪಟ್ಟಿ ಇರುತ್ತದೆ. ಒಂದೊಂದೇ ಮೆಟ್ಟಿಲು ಏರಿಸಿ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಅದನ್ನೇ ಇಟ್ಟುಕೊಂಡವರು ‘ಸ್ಕೇಲ್ ಅಂಡ್ ಲೇಔಟ್’ ಎಂಬಲ್ಲಿ ಇದೇ ಪಟ್ಟಿ ಕಾಣಬಹುದು.

ಎಷ್ಟು ಶೇಕಡಾ ಇಡಬೇಕು? ಇದಕ್ಕೆ ಒಂದು ಸುಲಭದ ಲೆಕ್ಕ ಹೇಳುತ್ತೇನೆ. ಹೊಲಿಗೆಯ ಟೇಪು ತೆಗೆದುಕೊಂಡು ಪರದೆಯ ಅಗಲವನ್ನು ಇಂಚಿನಲ್ಲಿ ಅಳೆಯಿರಿ. ಮೂಲೆಯಿಂದ ಮೂಲೆಗಲ್ಲ, ಎಡದಿಂದ ಬಲಕ್ಕೆ. ಅಡ್ಡಕ್ಕೆ ಇರುವ ಚುಕ್ಕಿಗಳನ್ನು ಆ ಇಂಚಿನಿಂದ ಭಾಗಿಸಿ. ಬಂದದ್ದನ್ನು 96ರಿಂದ ಭಾಗಿಸಿ. ಉದಾಹರಣೆಗೆ, 27 ಇಂಚಿನ ಫೋರ್ ಕೆ ಪರದೆಯ ಅಗಲ ಇಪ್ಪತ್ತಮೂರೂವರೆ ಇಂಚು. 3840ನ್ನು 23.5ರಿಂದ ಭಾಗಿಸಿದರೆ 163. ಅದನ್ನು 96ರಿಂದ ಭಾಗಿಸಿದರೆ 1.7. ಅಂದರೆ ಶೇಕಡಾ 170. ಪಟ್ಟಿಯಲ್ಲಿ ಹತ್ತಿರದ್ದು 175. ಹದಿನಾಲ್ಕು ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿಗೆ ಇದೇ ಲೆಕ್ಕ ಹಾಕಿದರೆ ಶೇಕಡಾ 164 ಬರುತ್ತದೆ. ಅಲ್ಲಿ 150 ಅಥವಾ 175 ಇಟ್ಟು ನೋಡಿ. ಇದು ಹಳೆಯ ಮಾನಿಟರಿನಲ್ಲಿ ನಿಮಗೆ ಅಭ್ಯಾಸವಾಗಿದ್ದ ಅಳತೆಯನ್ನು ಮರಳಿ ಕೊಡುವ ಲೆಕ್ಕ. ವಯಸ್ಸಾದವರು ಇದರ ಮೇಲೆ ಇನ್ನೊಂದು ಮೆಟ್ಟಿಲು ಹತ್ತಬಹುದು, ಸಂಕೋಚ ಬೇಡ.

ಲೆಕ್ಕ ಬೇಡ ಎನ್ನುವವರಿಗೆ ಇನ್ನೊಂದು ಪರೀಕ್ಷೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಪರದೆಗೆ ಹಿಡಿದು ಇಂಗ್ಲಿಷಿನ ದೊಡ್ಡಕ್ಷರವೊಂದರ ಎತ್ತರ ಅಳೆಯಿರಿ. ಪರದೆ ನಿಮ್ಮಿಂದ ಎರಡು ಅಡಿ, ಅಂದರೆ 60 ಸೆಂಟಿಮೀಟರ್ ದೂರದಲ್ಲಿದ್ದರೆ, ಆ ಎತ್ತರ ಮೂರು ಮಿಲಿಮೀಟರಿಗೆ ಕಡಿಮೆ ಇರಬಾರದು. ಮೂರೂವರೆ ಇದ್ದರೆ ಹಿತ. ಪರದೆಯ ಮೇಲಿನ ಓದಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 9241, ಹೇಳುವುದೂ ಸರಿಸುಮಾರು ಇದನ್ನೇ.

ಗುಂಡಿ, ಚಿತ್ರ ಎಲ್ಲ ಸರಿಯಾಗಿವೆ, ಅಕ್ಷರ ಮಾತ್ರ ದೊಡ್ಡದಾಗಬೇಕು ಎನ್ನುವವರಿಗೆ ಬೇರೆ ದಾರಿ ಇದೆ. ‘ಸೆಟ್ಟಿಂಗ್ಸ್’ ತೆರೆದು ‘ಆಕ್ಸೆಸಿಬಿಲಿಟಿ’, ಅದರಲ್ಲಿ ‘ಟೆಕ್ಸ್ಟ್ ಸೈಜ್’. ಅಲ್ಲಿ ಶೇಕಡಾ 225ರವರೆಗೆ ಜರುಗಿಸುವ ಗುಂಡಿ ಇದೆ. ಜರುಗಿಸಿದ ಮೇಲೆ ‘ಅಪ್ಲೈ’ ಒತ್ತಲು ಮರೆಯಬೇಡಿ. ಮ್ಯಾಕ್ ಕಂಪ್ಯೂಟರ್ ಇದ್ದವರು ‘ಸಿಸ್ಟಮ್ ಸೆಟ್ಟಿಂಗ್ಸ್’ನಲ್ಲಿ ‘ಡಿಸ್‌ಪ್ಲೇಸ್’ ತೆರೆದು ‘ಲಾರ್ಜರ್ ಟೆಕ್ಸ್ಟ್’ ಕಡೆಗೆ ಹೋದರೆ ಸಾಕು.

ಲ್ಯಾಪ್‌ಟಾಪಿಗೆ ಇನ್ನೊಂದು ಮಾನಿಟರ್ ಜೋಡಿಸಿದವರಿಗೆ ಒಂದು ಮಾತು. ಎರಡಕ್ಕೂ ಬೇರೆ ಬೇರೆ ಸ್ಕೇಲ್ ಇಡಬಹುದು. 2013ರ ವಿಂಡೋಸ್ 8.1ರಿಂದ ಈ ಸೌಲಭ್ಯ ಇದೆ. ಡಿಸ್‌ಪ್ಲೇ ಪುಟದ ಮೇಲ್ಭಾಗದಲ್ಲಿ 1, 2 ಎಂದು ಚೌಕಗಳಿರುತ್ತವೆ. ಯಾವುದರ ಅಳತೆ ಬದಲಿಸಬೇಕೋ ಅದನ್ನು ಮೊದಲು ಒತ್ತಿ, ಆಮೇಲೆ ಸ್ಕೇಲ್ ಆರಿಸಿ.

ಇಷ್ಟು ಮಾಡಿದ ಮೇಲೂ ಒಂದೆರಡು ಹಳೆಯ ಪ್ರೋಗ್ರಾಮುಗಳು ಮಸುಕಾಗಿ ಕಾಣಬಹುದು. ಹಳೆಯ ಲೆಕ್ಕದ ತಂತ್ರಾಂಶಗಳು, ಎಂದೋ ಹಾಕಿಸಿಕೊಂಡ ಕನ್ನಡ ಟೈಪಿಂಗ್ ತಂತ್ರಾಂಶಗಳು ಇದರಲ್ಲಿ ಸೇರುತ್ತವೆ. ಅವನ್ನು ಬರೆದವರು ಇಂಚಿಗೆ 96 ಚುಕ್ಕಿ ಎಂದೇ ನಂಬಿದ್ದರು. ವಿಂಡೋಸ್ ಅವನ್ನು ಚಿಕ್ಕದಾಗಿ ಬಿಡಿಸಿಕೊಂಡು ಆಮೇಲೆ ಹಿಗ್ಗಿಸುತ್ತದೆ. ಪಾಸ್‌ಪೋರ್ಟ್ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ತೂಗುಹಾಕಿದ ಹಾಗೆ. ಅಂಥ ಪ್ರೋಗ್ರಾಮಿನ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಕಂಪ್ಯಾಟಿಬಿಲಿಟಿ’, ಅದರಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಒತ್ತಿ. ಕೆಳಗಡೆ ‘ಓವರ್‌ರೈಡ್’ ಎಂದು ಶುರುವಾಗುವ ಸಾಲಿಗೆ ಗುರುತು ಹಾಕಿ, ‘ಸಿಸ್ಟಮ್ ಎನ್‌ಹಾನ್ಸ್ಡ್’ ಆರಿಸಿ. ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆಯಿರಿ. ಎಷ್ಟೋ ಪ್ರೋಗ್ರಾಮುಗಳಲ್ಲಿ ಅಕ್ಷರ ಚೊಕ್ಕಟವಾಗುತ್ತದೆ. ಹೊಂದದಿದ್ದರೆ ಹಾಕಿದ ಗುರುತನ್ನು ತೆಗೆದರಾಯಿತು, ನಷ್ಟವೇನಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಭಾಷೆಯವರಿಗೂ ಸಲ್ಲುವ ಮಾತು. ಇನ್ನು ನಮ್ಮದೇ ಮಾತು, ಕನ್ನಡ ಲಿಪಿಯದು.

ಸ್ಕೇಲ್ ಸರಿಮಾಡಿದ ಮೇಲೆ ಇಂಗ್ಲಿಷ್ ಆರಾಮವಾಗಿ ಕಾಣುತ್ತದೆ, ಕನ್ನಡ ಮಾತ್ರ ಇನ್ನೂ ಕಷ್ಟ ಎಂದು ಹೇಳುವವರಿದ್ದಾರೆ. ಅದು ಅವರ ಭ್ರಮೆಯಲ್ಲ. ಕನ್ನಡದ ಒಂದು ಸಾಲು ಮಹಡಿ ಮನೆಯಿದ್ದಂತೆ. ನಡುವಿನ ಅಂತಸ್ತಿನಲ್ಲಿ ಅಕ್ಷರ. ಅದರ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದರೆ ಒಂದು ಒತ್ತಲ್ಲ, ಎರಡು. ಇಷ್ಟೆಲ್ಲ ಸಂಸಾರ ಇಂಗ್ಲಿಷಿಗೆ ಕೊಟ್ಟಷ್ಟೇ ಎತ್ತರದ ಸಾಲಿನಲ್ಲಿ ಹಿಡಿಸಬೇಕು. ಹಿಡಿಸಬೇಕಾದರೆ ಅಕ್ಷರದ ಮೈಯನ್ನೂ ಒತ್ತನ್ನೂ ಚಿಕ್ಕದು ಮಾಡಲೇಬೇಕು. ಹಾಗಾಗಿ ಇಂಗ್ಲಿಷಿಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು.

ಇನ್ನೊಂದು ಕಾರಣ, ನಮ್ಮಲ್ಲಿ ಅಕ್ಷರಕ್ಕೂ ಅಕ್ಷರಕ್ಕೂ ಇರುವ ವ್ಯತ್ಯಾಸ ಎಷ್ಟೋ ಕಡೆ ಒಂದು ಸಣ್ಣ ಗೆರೆಯದು. ‘ದ’ಕಾರದ ಹೊಟ್ಟೆ ಸೀಳಿದರೆ ‘ಧ’. ಆ ಸೀಳು ಕಾಣದಿದ್ದರೆ ಧನ ಹೋಗಿ ದನ ಬರುತ್ತದೆ, ಮಧ್ಯ ಹೋಗಿ ಮದ್ಯ ಬರುತ್ತದೆ. ‘ರ’ಕಾರದ ನಡುವೆ ಒಂದು ಚುಕ್ಕಿ ಇಟ್ಟರೆ ‘ಠ’. ಚುಕ್ಕಿ ಮಾಯವಾದರೆ ಮಠ ಇದ್ದ ಜಾಗದಲ್ಲಿ ಮರ ಎದ್ದು ನಿಲ್ಲುತ್ತದೆ! ನಗು ಬರಬಹುದು. ಆದರೆ ಮೈಕಿನ ಮುಂದೆ ಕುಳಿತವರಿಗೆ ಇದು ನಗುವ ವಿಷಯವಲ್ಲ. ಅದಕ್ಕೇ ನಾವು ಉದ್ಘೋಷಕರು ಓದುವ ಪ್ರತಿಯನ್ನು ದಪ್ಪ ಅಕ್ಷರದಲ್ಲಿ, ಸಾಲಿನ ನಡುವೆ ಧಾರಾಳ ಜಾಗ ಬಿಟ್ಟು ಮಾಡಿಕೊಳ್ಳುವುದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಕಣ್ಣು ಒಂದು ಕ್ಷಣವೂ ಅನುಮಾನಿಸಬಾರದು. ಸ್ಟುಡಿಯೋದ ಈ ಪದ್ಧತಿಯನ್ನು ಮನೆಯ ಕಂಪ್ಯೂಟರಿನಲ್ಲೂ ಅನುಸರಿಸಬಹುದು.

ಅದಕ್ಕೆ ದಾರಿ ಬ್ರೌಸರಿನಲ್ಲಿದೆ. ತೀರಾ ಸುಲಭದ್ದು, ಕೀಲಿಮಣೆಯಲ್ಲಿ ‘ಕಂಟ್ರೋಲ್’ ಒತ್ತಿ ಹಿಡಿದು ಅಧಿಕ ಚಿಹ್ನೆ ಒತ್ತುವುದು. ಮ್ಯಾಕ್‌ನಲ್ಲಿ ಕಂಟ್ರೋಲಿನ ಬದಲು ‘ಕಮಾಂಡ್’. ಒತ್ತಿದ ಹಾಗೆಲ್ಲ ಪುಟ ಬೆಳೆಯುತ್ತದೆ. ಕಳೆಯುವ ಚಿಹ್ನೆ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಒಂದು ತಾಣಕ್ಕೆ ಒಮ್ಮೆ ಹೀಗೆ ಮಾಡಿದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಆ ತಾಣಕ್ಕೆ ಆ ಅಳತೆಯನ್ನು ನೆನಪಿಟ್ಟುಕೊಳ್ಳುತ್ತವೆ. ಅಂದರೆ ನಿಮ್ಮ ಕನ್ನಡ ಪತ್ರಿಕೆಗೆ ಶೇಕಡಾ 150, ಬ್ಯಾಂಕಿನ ಇಂಗ್ಲಿಷ್ ಪುಟಕ್ಕೆ 110 ಎಂದು ಬೇರೆ ಬೇರೆ ಇಡಬಹುದು.

ಫೈರ್‌ಫಾಕ್ಸ್ ಬಳಸುವವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇದೆ. ಅದರ ಸೆಟ್ಟಿಂಗ್ಸ್ ಪುಟದಲ್ಲಿ ಫಾಂಟುಗಳ ವಿಭಾಗಕ್ಕೆ ಹೋಗಿ ‘ಅಡ್ವಾನ್ಸ್ಡ್’ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡವೂ ಇದೆ. ಕನ್ನಡ ಆರಿಸಿ, ಅದಕ್ಕೆ ಬೇಕಾದ ಫಾಂಟು, ಅಳತೆ, ‘ಮಿನಿಮಮ್ ಫಾಂಟ್ ಸೈಜ್’ ಎಲ್ಲವನ್ನೂ ಪ್ರತ್ಯೇಕವಾಗಿ ಹೇಳಬಹುದು. ಕನಿಷ್ಠ ಅಳತೆ 20 ಎಂದು ಇಟ್ಟರೆ, ತಾನು ಕನ್ನಡದ ಪುಟ ಎಂದು ಘೋಷಿಸಿಕೊಂಡಿರುವ ಪುಟಗಳಲ್ಲಿ ಅಕ್ಷರ ಅದಕ್ಕಿಂತ ಚಿಕ್ಕದಾಗುವುದಿಲ್ಲ. ಹಾಗೆ ಘೋಷಿಸಿಕೊಳ್ಳದ ಪುಟಗಳಿಗೆ ಮಾತ್ರ ಕಂಟ್ರೋಲ್ ಮತ್ತು ಅಧಿಕ ಚಿಹ್ನೆಯೇ ಗತಿ. ಕ್ರೋಮ್‌ನಲ್ಲಿ ‘ಅಪಿಯರೆನ್ಸ್’, ಅದರಲ್ಲಿ ‘ಕಸ್ಟಮೈಸ್ ಫಾಂಟ್ಸ್’ ಎಂಬಲ್ಲಿ ಕನಿಷ್ಠ ಅಳತೆ ಇಡಬಹುದು. ಅದು ಎಲ್ಲ ಭಾಷೆಗೂ ಒಟ್ಟಾಗಿ ಅನ್ವಯಿಸುತ್ತದೆ.

ಫಾಂಟಿನ ಆಯ್ಕೆಯೂ ಮುಖ್ಯ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ‘ತುಂಗಾ’, ವಿಂಡೋಸ್ 8ರಿಂದ ಬಂದ ‘ನಿರ್ಮಲಾ ಯುಐ’, ಗೂಗಲ್ ಉಚಿತವಾಗಿ ಕೊಡುವ ‘ನೋಟೋ ಸಾನ್ಸ್ ಕನ್ನಡ’, ಇವೆಲ್ಲ ಒಂದೇ ಅಳತೆಯಲ್ಲಿ ಒಂದೇ ಎತ್ತರ ಕಾಣುವುದಿಲ್ಲ. ಒಂದೇ ವಾಕ್ಯವನ್ನು ಮೂರರಲ್ಲೂ ಬರೆದು ನೋಡಿ. ವಾಕ್ಯದಲ್ಲಿ ಮಠ, ಮರ, ಮಧ್ಯಾಹ್ನ, ರಾಷ್ಟ್ರ ಎಲ್ಲ ಇರಲಿ. ಯಾವುದರಲ್ಲಿ ಸೀಳೂ ಚುಕ್ಕಿಯೂ ಒತ್ತೂ ಥಟ್ಟನೆ ಕಾಣುತ್ತವೋ ಅದು ನಿಮ್ಮ ಫಾಂಟು.

ಇನ್ನು ನಾವು ದಿನವೂ ತೆರೆಯುವ ಕೆಲವು ಬಗೆಯ ಪುಟಗಳ ಬಗ್ಗೆ.

ಇ-ಪೇಪರ್ ಎಂದರೆ ಸಾಮಾನ್ಯವಾಗಿ ಅಚ್ಚಾದ ದೊಡ್ಡ ಹಾಳೆಯ ಚಿತ್ರ. ಅದನ್ನು ಇಡಿಯಾಗಿ ಪರದೆಯಲ್ಲಿ ಕೂರಿಸಿದರೆ ತಲೆಬರಹ ಬಿಟ್ಟು ಬೇರೇನೂ ಕಾಣದು. ಅದೇ ಪತ್ರಿಕೆಯ ಸಾಮಾನ್ಯ ಜಾಲತಾಣದಲ್ಲಿ ಸುದ್ದಿ ಅಕ್ಷರಗಳಾಗಿಯೇ ಇರುತ್ತದೆ. ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಮಡಚಿಕೊಂಡು ಕೆಳಗೆ ಬರುತ್ತವೆ. ದಿನದ ಓದಿಗೆ ಅದನ್ನೇ ಇಟ್ಟುಕೊಳ್ಳಿ. ಅಲ್ಲಿ ಜಾಹೀರಾತು ಕಾಟ ಕೊಟ್ಟರೆ, ಎಡ್ಜ್ ಅಥವಾ ಫೈರ್‌ಫಾಕ್ಸ್‌ನಲ್ಲಿ ‘ಎಫ್ 9’ ಗುಂಡಿ ಒತ್ತಿ ನೋಡಿ. ಎಷ್ಟೋ ಪುಟಗಳಲ್ಲಿ ಜಾಹೀರಾತೆಲ್ಲ ಸರಿದು ಬರಹ ಮಾತ್ರ ಉಳಿಯುತ್ತದೆ. ಸಾಲಿನ ಅಂತರ, ಹಿನ್ನೆಲೆಯ ಬಣ್ಣ ಬದಲಿಸುವ ಅನುಕೂಲವೂ ಅಲ್ಲಿದೆ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ, ಅಂದರೆ ಪಿಡಿಎಫ್, ಕೂಡ ಚಿತ್ರವೇ. ಇಡೀ ಪುಟ ಕಾಣಬೇಕೆಂಬ ಆಸೆ ಬಿಟ್ಟು ಪುಟದ ಅಗಲವನ್ನು ಪರದೆಯ ಅಗಲಕ್ಕೆ ಹೊಂದಿಸಿ, ಅಂದರೆ ‘ಫಿಟ್ ವಿಡ್ತ್’. ಅರ್ಧ ಪುಟ ಕಂಡರೂ ಚಿಂತೆಯಿಲ್ಲ, ಓದುವುದು ಸಾಲು ಸಾಲಾಗಿ ತಾನೇ?

ವರ್ಡ್‌ನಲ್ಲಿ ಪತ್ರ ಬರೆಯುವವರು ಒಂದು ಭೇದ ತಿಳಿದಿರಬೇಕು. ಕಾಣುವುದಿಲ್ಲವೆಂದು ಫಾಂಟಿನ ಅಳತೆಯನ್ನೇ 24 ಮಾಡಿದರೆ ಮುದ್ರಿಸಿದಾಗಲೂ 24 ಬರುತ್ತದೆ. ಒಂದು ಪುಟದ ಪತ್ರ ಮೂರು ಪುಟವಾಗುತ್ತದೆ. ಹಾಗಲ್ಲ. ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಗಾಲಿ ತಿರುಗಿಸಿ. ಕಣ್ಣಿಗೆ ಮಾತ್ರ ದೊಡ್ಡದಾಗುತ್ತದೆ, ಕಾಗದದಲ್ಲಿ ಇದ್ದಷ್ಟೇ ಇರುತ್ತದೆ.

ಕೊನೆಯದಾಗಿ ಪಹಣಿ. ಊರಿನಲ್ಲಿ ತುಂಡು ಭೂಮಿ ಇಟ್ಟುಕೊಂಡು ಇಲ್ಲಿ ನೌಕರಿ ಮಾಡುವವರು, ಮಾಡಿ ನಿವೃತ್ತರಾದವರು ನಮ್ಮ ಕೇಳುಗರಲ್ಲಿ ಬಹಳ. ಕರ್ನಾಟಕ ಸರ್ಕಾರದ ‘ಭೂಮಿ’ ತಾಣದಲ್ಲಿ ಪಹಣಿಯನ್ನು ಇಲ್ಲಿಂದಲೇ ನೋಡಬಹುದು. ಆದರೆ ಅದು ಕಿಕ್ಕಿರಿದ ನಮೂನೆ. ಸಣ್ಣ ಅಕ್ಷರ, ಇಕ್ಕಟ್ಟಿನ ಮನೆಗಳು. ಸರ್ವೆ ನಂಬರಿನ 3, ಕಣ್ಣಿಗೆ 8 ಆಗಿ ಕಂಡರೆ ನೋಡುವುದು ಬೇರೆಯವರ ಹೊಲವನ್ನು. ಎಕರೆಗೆ 40 ಗುಂಟೆ. ಗುಂಟೆಯ ಅಂಕಿಯಲ್ಲಿ ಒಂದು ಗೆರೆ ತಪ್ಪಿ ಓದಿದರೂ ಅಣ್ಣತಮ್ಮಂದಿರ ನಡುವೆ ಸುಮ್ಮನೆ ಮಾತು ಬೆಳೆಯುತ್ತದೆ. ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳಬೇಕು. ಇಂಥ ಕಾಗದ ನೋಡುವಾಗ ವಿಂಡೋಸಿನ ಭೂತಗನ್ನಡಿ ಬಳಸಿ. ವಿಂಡೋಸ್ ಗುರುತಿನ ಗುಂಡಿಯನ್ನು ಒತ್ತಿ ಹಿಡಿದು ಅಧಿಕ ಚಿಹ್ನೆ ಒತ್ತಿದರೆ ಅದು ತೆರೆಯುತ್ತದೆ. ಮುಚ್ಚಲು ವಿಂಡೋಸ್ ಗುಂಡಿ ಮತ್ತು ‘ಎಸ್ಕೇಪ್’. ಬೆರಳಿಟ್ಟು ಓದಿದ ಹಾಗೆ ಒಂದೊಂದು ಮನೆಯನ್ನೂ ಓದಿ.

ಕಂಪ್ಯೂಟರಿನ ಕೆಲಸ ಇಷ್ಟು. ಇನ್ನು ಕಣ್ಣಿನದು. ನಲವತ್ತು ದಾಟಿದವರಿಗೆ ಬರುವ ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಎನ್ನುತ್ತಾರೆ. ಚಾಲೀಸ್ ಎಂದರೆ ಎಷ್ಟೆಂದು ದೆಹಲಿಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಆ ವಯಸ್ಸಿನ ಸುಮಾರಿಗೆ ಕಣ್ಣಿನ ಮಸೂರ ಗಡುಸಾಗುತ್ತಾ ಬಂದು ಹತ್ತಿರದ್ದು ಕಾಣುವುದು ಕಷ್ಟವಾಗುತ್ತದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ 35ರಿಂದ 40 ಸೆಂಟಿಮೀಟರಿಗೆ ಹೊಂದಿಸಿ ಕೊಡುತ್ತಾರೆ. ಕಂಪ್ಯೂಟರ್ ಪರದೆ ಇರುವುದು 50ರಿಂದ 70 ಸೆಂಟಿಮೀಟರಿನಲ್ಲಿ. ಆ ಕನ್ನಡಕ ಹಾಕಿ ಪರದೆ ನೋಡಬೇಕಾದರೆ ಮುಂದಕ್ಕೆ ಬಾಗಲೇಬೇಕು. ಬಾಗಿದರೆ ಬೆನ್ನು ಕೇಳುವುದಿಲ್ಲ. ಆದ್ದರಿಂದ ಕಣ್ಣಿನ ವೈದ್ಯರ ಹತ್ತಿರ ಹೋಗುವಾಗ ಕಣ್ಣಿಗೂ ಪರದೆಗೂ ಇರುವ ದೂರವನ್ನು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪ್ರೋಗ್ರೆಸಿವ್ ಕನ್ನಡಕ ಇರುವವರು ಕೆಳಭಾಗದಿಂದ ಓದಲು ಗಲ್ಲ ಎತ್ತುತ್ತಾರೆ, ಕತ್ತು ನೋಯುತ್ತದೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇರಲಿ.

ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ. ಅದರಿಂದ ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಗಿನ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಿ ಎಂದು ವೈದ್ಯರು ಹೇಳುತ್ತಾರೆ. ಕಿಟಕಿಯಾಚೆ ಒಂದು ಬೇವಿನ ಮರ ಇದ್ದರೆ ಸಾಕು. ಅಕ್ಷರ ಎಷ್ಟೇ ದೊಡ್ಡದು ಮಾಡಿದರೂ ಮಂಜು ಮಂಜಾಗಿಯೇ ಕಂಡರೆ, ದೀಪದ ಸುತ್ತ ವೃತ್ತ ಕಂಡರೆ, ಅದು ಕಂಪ್ಯೂಟರಿನ ದೋಷವಲ್ಲ. ತಡ ಮಾಡದೆ ಕಣ್ಣು ಪರೀಕ್ಷೆ ಮಾಡಿಸಿ.

ಹೊಸ ಮಾನಿಟರ್ ಕೊಳ್ಳಲು ನೆಹರೂ ಪ್ಲೇಸಿಗೆ ಹೊರಟವರಿಗೂ ಒಂದು ಮಾತು. ಅಂಗಡಿಯವರು ಚುಕ್ಕಿಗಳ ಲೆಕ್ಕ ಹೇಳುತ್ತಾರೆ, ಸಿನಿಮಾ ತೋರಿಸುತ್ತಾರೆ. ನೀವು ಒಂದು ಕನ್ನಡ ಪುಟ ತೆರೆಸಿ. ಸ್ಕೇಲ್ ಏರಿಸಲು ಹೇಳಿ. ಎರಡು ಅಡಿ ದೂರ ಕುಳಿತು ನಾಲ್ಕು ಸಾಲು ಓದಿ. ಹೆಚ್ಚು ಚುಕ್ಕಿಯ ಪರದೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಸ್ಕೇಲ್ ಏರಿಸಿದ ಫೋರ್ ಕೆ ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಅಚ್ಚಿನ ಪುಸ್ತಕದಲ್ಲಿ ಇದ್ದಂತೆ ದುಂಡಗೆ ನಿಲ್ಲುತ್ತವೆ. ಸುತ್ತು, ಬಾಗು, ಸಣ್ಣ ಗೆರೆ ಹೆಚ್ಚಿರುವ ಕನ್ನಡಕ್ಕೆ ಅಂಥ ಪರದೆಯಿಂದ ಲಾಭ ಇಂಗ್ಲಿಷಿಗಿಂತ ಹೆಚ್ಚು. ಆದರೆ ಏರಿಸಿದರೆ ಮಾತ್ರ.

ಮನೆಯಲ್ಲಿರುವ ಯುವಕ ಯುವತಿಯರಿಗೆ ನನ್ನದೊಂದು ವಿನಂತಿ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಪ್ಪನ, ಅಮ್ಮನ, ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮ ಕಣ್ಣಿಗೆ ಸರಿ ಕಂಡದ್ದನ್ನು ಇಟ್ಟು ಎದ್ದು ಹೋಗಬೇಡಿ. ಅವರು ಕುಳಿತುಕೊಳ್ಳುವ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ಅವರ ಕನ್ನಡಕ ಹಾಕಿಸಿ, ಅವರು ಸಾಕು ಎನ್ನುವವರೆಗೆ ಒಂದೊಂದೇ ಮೆಟ್ಟಿಲು ಏರಿಸಿ. ಆಮೇಲೆ ಅವರ ಕೈಯಲ್ಲಿ ಒಂದು ಪುಟ ಗಟ್ಟಿಯಾಗಿ ಓದಿಸಿ. ಎಲ್ಲಿ ತಡೆದರೆಂದು ಗಮನಿಸಿ. ತಡೆಯದೆ ಓದಿದರೆ ಅಳತೆ ಸರಿಯಾಗಿದೆ ಎಂದು ಅರ್ಥ. ದೊಡ್ಡ ಅಕ್ಷರ ಇಟ್ಟುಕೊಳ್ಳುವುದು ವಯಸ್ಸಾದದ್ದರ ಗುರುತು ಎಂದು ಕೆಲವರಿಗೆ ಮುಜುಗರ ಇರುತ್ತದೆ. ಅದೇನೂ ಬೇಡ. ಅಕ್ಷರ ದೊಡ್ಡದು ಮಾಡಿಕೊಂಡು ಓದುವುದು, ಚಿಕ್ಕದೆಂದು ಓದನ್ನೇ ಬಿಡುವುದಕ್ಕಿಂತ ಎಷ್ಟೋ ಮೇಲು.